ನೋವು ದೇವರ ಇಚ್ಛೆಯೆ?

ನೆರೆಮನೆಯಲ್ಲೊಂದು ಮಗುವಿದೆ ಎನ್ನಿ. ವರುಷ ಐದಾದರೂ ಕತ್ತು ನಿಂತಿಲ್ಲ, ಮಾತು ಬಂದಿಲ್ಲ. ನೋಡಲು ಹೋದ ನೀವು ಏನೂ ತೋಚದೆ, “ಎಲ್ಲ ದೇವರ ಇಚ್ಛೆಯಮ್ಮಾ” ಎಂದು ತಾಯಿಗೆ ಹೇಳಿ ಬರುತ್ತೀರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ನಿಜವೆ? ಕ್ರೈಸ್ತ ಧರ್ಮದ ದೃಷ್ಟಿಯಿಂದ ಇದನ್ನು ವಿಚಾರ ಮಾಡೋಣ.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು 1980 ಮತ್ತು 1990ರ ದಶಕಗಳಲ್ಲಿ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿಯೂ ಹಾಗೆಯೇ. ವಿಷವು ಗುಡ್ಡದಿಂದ ತೋಡಿಗೆ, ತೋಡಿನಿಂದ ಬಾವಿಗೆ ಇಳಿಯಿತು. ಅಂಗವಿಕಲರಾದ, ಬುದ್ಧಿ ಬೆಳೆಯದ ಮಕ್ಕಳು ಮನೆಮನೆಯಲ್ಲಿ ಕಾಣಿಸಿಕೊಂಡಾಗ, ದೈವದ ಮುನಿಸೆಂದೂ ಹಿರಿಯರ ಪಾಪವೆಂದೂ ಜನ ಅಂದುಕೊಂಡರು. ಪಡ್ರೆಯ ವೈದ್ಯ ಮೋಹನ ಕುಮಾರರು ಹಾಗೆನ್ನದೆ, ರೋಗಗಳ ಲೆಕ್ಕವಿಟ್ಟು ಕಾರಣವನ್ನು ಹುಡುಕಿದರು. ಸಿಂಪಡಣೆ 2000ದ ಹೊತ್ತಿಗೆ ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ತಡೆಯಿತು.

ಈಗ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ನೆನೆಯಿರಿ. ಹುಟ್ಟುಗುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಕೇಳುತ್ತಾರೆ. ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎನ್ನುತ್ತಾನೆ ಯೇಸು. ದೇವರ ಕಾರ್ಯ ಅವನಲ್ಲಿ ಕಾಣಬೇಕು ಎಂದೂ ಸೇರಿಸುತ್ತಾನೆ. ಕುರುಡುತನವೇ ದೇವರ ಉದ್ದೇಶವಾಗಿತ್ತೆಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ. ಆದರೆ ಮುಂದೆ ನಡೆದುದನ್ನು ನೋಡಿ: ಯೇಸು ಕೆಸರು ಮಾಡಿ ಕಣ್ಣಿಗೆ ಹಚ್ಚುತ್ತಾನೆ, ತೊಳೆದುಕೊಳ್ಳಲು ಕಳುಹಿಸುತ್ತಾನೆ, ಕುರುಡನಿಗೆ ದೃಷ್ಟಿ ಬರುತ್ತದೆ. ದೇವರ ಕಾರ್ಯವೆಂದರೆ ಇದೇ. ಬೇನೆಯೇ ದೇವರ ಇಚ್ಛೆಯಾಗಿದ್ದರೆ, ಊರೂರು ತಿರುಗಿ ರೋಗ ಗುಣಮಾಡಿದ ಯೇಸು ದೇವರ ಇಚ್ಛೆಗೆ ಎದುರು ನಿಂತವನಾಗಬೇಕಿತ್ತು!

“ಬೇಡವೆಂದಿದ್ದರೆ ದೇವರು ತಡೆಯಬಾರದಿತ್ತೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ, ಅದರ ದುರುಪಯೋಗವನ್ನು ಸಹಿಸುತ್ತಾನೆ. ಸಹಿಸುವುದು ಬೇರೆ, ಬಯಸುವುದು ಬೇರೆ ಎಂದು ಕ್ರೈಸ್ತ ಪಂಡಿತರು ಹೇಳುತ್ತಾರೆ. ವಾದ ಸರಿಯೇ, ಆದರೆ ರಾತ್ರಿಯೆಲ್ಲ ಮಗುವಿನ ಮಗ್ಗುಲು ತಿರುಗಿಸುವ ತಾಯಿಗೆ ಅದು ಸಾಲದು. ಯೋಬನಿಗೂ ಕಾರಣ ತಿಳಿಯಲಿಲ್ಲ. ಆದರೆ ದೇವರು ಗದರಿಸಿದ್ದು, ಯೋಬನ ಕಷ್ಟಕ್ಕೆ ಪಾಪದ ವಿವರಣೆ ಕೊಟ್ಟ ಅವನ ಗೆಳೆಯರನ್ನು! ಕ್ರಿಸ್ತನೂ ಶಿಲುಬೆಯ ಮೇಲೆ ‘ಏಕೆ’ ಎಂದೇ ಕೂಗಿದ. ನೋವನ್ನು ದೂರದಿಂದ ಕಳುಹಿಸುವ ದೇವರಲ್ಲ, ಅದರೊಳಗೇ ಇಳಿದು ಬಂದ ದೇವರು ಎಂಬುದು ಕ್ರೈಸ್ತರ ನಂಬಿಕೆ.

‘ದೇವರ ಇಚ್ಛೆ’ ಎಂದಲ್ಲಿಗೆ ವಿಚಾರಣೆ ನಿಲ್ಲುತ್ತದೆ; ವಿಷ ಸುರಿದವರೂ ಜವಾಬ್ದಾರಿಯಿಂದ ಪಾರಾಗುತ್ತಾರೆ, ತಾಯಿಯ ತಲೆಯ ಮೇಲೆ ಮಾತ್ರ ಇಲ್ಲದ ಪಾಪದ ಹೊರೆ ಉಳಿಯುತ್ತದೆ. ಆದ್ದರಿಂದ ಇನ್ನೊಮ್ಮೆ ಆ ಮನೆಗೆ ಹೋದಾಗ ವಿವರಣೆ ಕೊಡಬೇಡಿ. ಒಂದು ಗಳಿಗೆ ಮಗುವನ್ನು ನೀವು ನೋಡಿಕೊಳ್ಳಿ. ತಾಯಿ ಸ್ವಲ್ಪ ನಿದ್ದೆ ಮಾಡಲಿ. ದೇವರ ಇಚ್ಛೆ ಏನೆಂದು ಕೇಳಿದರೆ, ಅದು ಇದೇ ಎಂದು ಧೈರ್ಯವಾಗಿ ಹೇಳಬಹುದು.