ಮನೆ ಹಿಡಿಯುವ ಮುನ್ನ ಬೀದಿ ನೋಡಿ

ಮಗನ ಜೊತೆ ಇರಲು ಬೆಂಗಳೂರಿಗೆ ಹೊರಟಿದ್ದೀರಾ? ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಿಗೆ ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆ ಒಳ್ಳೆಯದು. ಹೊಲ, ಮಠ, ಸಂತೆ ಎಂದು ಊರಿನಲ್ಲಿ ತಾನಾಗಿ ಆಗುತ್ತಿದ್ದ ನಡಿಗೆ ಪಟ್ಟಣದ ಮೂರನೇ ಮಹಡಿಯಲ್ಲಿ ನಿಂತೇಹೋಗುತ್ತದೆ.

ಆದ್ದರಿಂದ ಮುಂಗಡ ಕೊಡುವ ಮುನ್ನ ಆ ಬೀದಿಯಲ್ಲಿ ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ನೀವೇ ನಡೆದು ನೋಡಿ. ಹಾಲು, ತರಕಾರಿ, ಔಷಧಿ ಅಂಗಡಿ ಹತ್ತು ನಿಮಿಷದೊಳಗೆ ಸಿಗಬೇಕು. ಬೀದಿದೀಪ ಉರಿಯುತ್ತದೆಯೇ? ದೊಡ್ಡ ರಸ್ತೆ ದಾಟದೆ ಪಾರ್ಕು ಸೇರಬಹುದೇ? ಫುಟ್‌ಪಾತಿನ ಚಪ್ಪಡಿಗಳನ್ನಂತೂ ಗಮನಿಸಲೇಬೇಕು. ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಒಡೆದ ಕಲ್ಲಿಗೆ ಎಡವಿ ಆದ ಗಾಯ ಅವರಿಗೇ ತಿಳಿಯುವುದಿಲ್ಲ; ಕೀವಾದ ಮೇಲೆ ಬೆರಳು ಉಳಿಸುವುದೇ ಕಷ್ಟ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆರಳೂ ಉಂಟು, ಮಾರುಕಟ್ಟೆಯೂ ಹತ್ತಿರ. ಬಾಡಿಗೆ ಮಾತ್ರ ದುಬಾರಿ! ಬೇರೆ ಬಡಾವಣೆಯಾದರೆ ಮನೆ ಚಿಕ್ಕದಾದರೂ ಚಿಂತೆಯಿಲ್ಲ, ನಡೆಯಲು ದಾರಿ ಇರಲಿ. ಮಂಡಿನೋವಿನವರು ಮೆಟ್ಟಿಲನ್ನೂ ಎಣಿಸಿಕೊಳ್ಳಿ.