ಸಮೋವಾದಿಂದ ಅಮೆರಿಕನ್ ಸಮೋವಾಕ್ಕೆ: ಹಾರಾಟ ಅರ್ಧ ಗಂಟೆಯದೋ, ಒಂದು ದಿನದ್ದೋ?

ದಕ್ಷಿಣ ಪೆಸಿಫಿಕ್ ಸಾಗರದ ಉಪೋಲು ದ್ವೀಪದಲ್ಲಿ ಸಮೋವಾದ ರಾಜಧಾನಿ ಆಪಿಯಾ ಇದೆ. ಪಕ್ಕದ ತುತುಯಿಲಾ ದ್ವೀಪದಲ್ಲಿ ಅಮೆರಿಕನ್ ಸಮೋವಾದ ಪಾಗೊ ಪಾಗೊ ಇದೆ. ಸೋಮವಾರ ಬೆಳಿಗ್ಗೆ 10ಕ್ಕೆ ಉಪೋಲು ಬಿಟ್ಟ ವಿಮಾನ ಪಾಗೊ ಪಾಗೊದಲ್ಲಿ ಇಳಿಯುವುದು ಭಾನುವಾರ ಬೆಳಿಗ್ಗೆ ಸುಮಾರು 10.35ಕ್ಕೆ! ಟಿಕೆಟ್‌ನಲ್ಲಿ ಹೀಗೆ ಕಂಡಾಗ ಗೊಂದಲವಾಗುವುದು ಸಹಜ. ಹಾಗೆ ಹುಟ್ಟುವ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಒಂದು ದಿನದ ವ್ಯತ್ಯಾಸವೆಂದರೆ ದ್ವೀಪಗಳು ಬಹಳ ದೂರ ಇರಬೇಕು.

ಸತ್ಯ: ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 125 ಕಿ.ಮೀ., ಅಂದರೆ ಹೆಚ್ಚುಕಡಿಮೆ ಬೆಂಗಳೂರು–ಮೈಸೂರಿನಷ್ಟೇ. ಚಿಕ್ಕ ವಿಮಾನಕ್ಕೆ 35ರಿಂದ 40 ನಿಮಿಷ ಸಾಕು. ಸೂರ್ಯ ಹುಟ್ಟುವ ಹೊತ್ತಿನಲ್ಲೂ ನಾಲ್ಕೈದು ನಿಮಿಷದ ವ್ಯತ್ಯಾಸ ಮಾತ್ರ. ಎರಡೂ ಕಡೆ ಗಡಿಯಾರ ಒಂದೇ ಗಂಟೆ ತೋರಿಸುತ್ತದೆ, ಬೇರೆಯಾಗಿರುವುದು ತಾರೀಖು.

ತಪ್ಪು ಕಲ್ಪನೆ 2: ತಾರೀಖು ಬದಲಾಗುವ ಗಡಿಯಾದ ದಿನಾಂಕ ರೇಖೆ 180 ಡಿಗ್ರಿ ರೇಖಾಂಶದ ಮೇಲೆ ಕದಲದೆ ನಿಂತಿದೆ.

ಸತ್ಯ: ಈ ಎರಡೂ ದ್ವೀಪಗಳು 180 ಡಿಗ್ರಿಯ ಒಂದೇ ಮಗ್ಗುಲಲ್ಲಿ, ಸುಮಾರು 171 ಡಿಗ್ರಿ ಪಶ್ಚಿಮದಲ್ಲಿವೆ. ಯಾವ ತಾರೀಖು ಪಾಲಿಸಬೇಕು ಎಂಬುದು ಆಯಾ ದೇಶದ ತೀರ್ಮಾನ. ಅಮೆರಿಕದೊಂದಿಗಿನ ವ್ಯಾಪಾರಕ್ಕಾಗಿ ಸಮೋವಾ 1892ರಲ್ಲಿ ಅಮೆರಿಕದ ತಾರೀಖಿಗೆ ಬದಲಾಯಿತು. ಆ ವರ್ಷ ಜುಲೈ 4 ಅಲ್ಲಿ ಎರಡು ಸಲ ಬಂತು. ಮುಂದೆ ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಬೆಳೆಯಿತು. ಇಲ್ಲಿ ಶುಕ್ರವಾರವಾದರೆ ಅಲ್ಲಿ ಶನಿವಾರದ ರಜೆ, ಇಲ್ಲಿ ಭಾನುವಾರವಾದರೆ ಅಲ್ಲಿ ಸೋಮವಾರದ ಕೆಲಸ. ಹೀಗೆ ವಾರಕ್ಕೆ ಎರಡು ದಿನ ವ್ಯವಹಾರವೇ ನಡೆಯುತ್ತಿರಲಿಲ್ಲ. ಅದಕ್ಕೇ 2011ರ ಡಿಸೆಂಬರ್ 29ರ ಮರುದಿನವೇ ಸಮೋವಾದಲ್ಲಿ 31 ಆಯಿತು. ಅಮೆರಿಕದ ಅಧೀನದಲ್ಲಿರುವ ತುತುಯಿಲಾ ಹಳೆಯ ತಾರೀಖನ್ನೇ ಉಳಿಸಿಕೊಂಡಿತು.

ತಪ್ಪು ಕಲ್ಪನೆ 3: ಎರಡೂ ಸಮೋವಾ ಒಂದೇ ದೇಶ, ಪಾಸ್‌ಪೋರ್ಟ್ ಬೇಕಿಲ್ಲ.

ಸತ್ಯ: ಭಾಷೆ ಒಂದೇ, ನೆಂಟಸ್ತಿಕೆಯೂ ಉಂಟು. ಆದರೆ 1899ರಲ್ಲಿ ಜರ್ಮನಿ ಮತ್ತು ಅಮೆರಿಕ ಈ ದ್ವೀಪಗಳನ್ನು ಹಂಚಿಕೊಂಡವು. ಜರ್ಮನಿಯ ಪಾಲಾಗಿದ್ದ ಭಾಗ ಮುಂದೆ ನ್ಯೂಜಿಲೆಂಡ್ ಆಡಳಿತಕ್ಕೆ ಸೇರಿ, 1962ರಲ್ಲಿ ಸ್ವತಂತ್ರವಾಯಿತು. ಅಮೆರಿಕನ್ ಸಮೋವಾಕ್ಕೆ ತನ್ನದೇ ಆದ ಪ್ರವೇಶ ನಿಯಮಗಳಿವೆ. ಅಮೆರಿಕದ ವೀಸಾ ಇದೆಯೆಂದು ನೆಚ್ಚಿಕೊಂಡು ಹೊರಡುವಂತಿಲ್ಲ.

ತಪ್ಪು ಕಲ್ಪನೆ 4: ಅರ್ಧ ಗಂಟೆಯ ಹಾರಾಟವಾದ್ದರಿಂದ ಒಂದು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ.

ಸತ್ಯ: ಟಿಕೆಟ್‌ನ ಸಮಯ ಇಡೀ ಪ್ರಯಾಣದ ಸಮಯವಲ್ಲ. ಫಲೆಯೊಲೊ ವಿಮಾನ ನಿಲ್ದಾಣವೇ ಆಪಿಯಾದಿಂದ ಮುಕ್ಕಾಲು ಗಂಟೆಯ ದಾರಿ. ಇಂಥ ಚಿಕ್ಕ ವಿಮಾನಗಳಲ್ಲಿ ಭಾರದ ಸಮತೋಲನ ಬಹಳ ಮುಖ್ಯ. ಹಾಗಾಗಿ ಬ್ಯಾಗಿನ ಜೊತೆ ಪ್ರಯಾಣಿಕರನ್ನೂ ತೂಕಯಂತ್ರದ ಮೇಲೆ ನಿಲ್ಲಿಸುತ್ತಾರೆ. ಸಮೋವಾ ಏರ್ ಸಂಸ್ಥೆ ಪ್ರಯಾಣಿಕರ ತೂಕಕ್ಕೆ ತಕ್ಕಂತೆ ದರ ಹಾಕಿ 2013ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಇದರ ಮೇಲೆ ಎರಡೂ ಕಡೆಯ ಪಾಸ್‌ಪೋರ್ಟ್ ತಪಾಸಣೆ ಇದ್ದೇ ಇದೆ. ಅರ್ಧ ದಿನವನ್ನು ಇದಕ್ಕೇ ಮೀಸಲಿಡುವುದು ಕ್ಷೇಮ.

ಹೋಟೆಲ್ ಮತ್ತು ಮುಂದಿನ ವಿಮಾನ ಕಾಯ್ದಿರಿಸುವಾಗ ಪ್ರತಿ ಊರಿನ ಸ್ಥಳೀಯ ತಾರೀಖನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಪಾಗೊ ಪಾಗೊಗೆ ಹೋಗುವಾಗ ಒಂದು ದಿನ ಹಿಂದಕ್ಕೆ, ಆಪಿಯಾಕ್ಕೆ ಮರಳುವಾಗ ಒಂದು ದಿನ ಮುಂದಕ್ಕೆ: ಇಷ್ಟು ನೆನಪಿದ್ದರೆ ವಿಮಾನ ತಪ್ಪುವುದಿಲ್ಲ, ಕೋಣೆಯ ಬಾಡಿಗೆಯೂ ದಂಡವಾಗುವುದಿಲ್ಲ.