ಉತ್ತರ ಸರಿ, ಆದ್ರೆ ಯಾಕೆ?

ರಾಮನಗರದ ಒಳಗೆ ಸಿಕ್ಕ ಒಡವೆ (2).

ಪೇಪರಿನ ಜಿಲ್ಲಾ ಪುಟದಲ್ಲಿ ಬರೋ ಕಳ್ಳತನದ ಸುದ್ದಿ ಥರ ಇದೆ ಅಲ್ವಾ? ಹಾಗೆ ಅನ್ನಿಸಲಿ ಅಂತಲೇ ಬರೆದದ್ದು. ಈಗ ಸುದ್ದಿ ಮರೆತುಬಿಡಿ, ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ: ರಾ-ಮ-ನ-ಗ-ರ. ಒಳಗೆ ಏನಿದೆ? ನಗ. ನಗ ಅಂದರೆ ಒಡವೆ. ಬ್ರ್ಯಾಕೆಟ್ಟಿನಲ್ಲಿರೋ ಎರಡು ಅಂದರೆ ಉತ್ತರಕ್ಕೆ ಎರಡೇ ಅಕ್ಷರ. ಕಳ್ಳನೂ ಇಲ್ಲ, ಪೊಲೀಸರೂ ಇಲ್ಲ.

ಕ್ರಿಪ್ಟಿಕ್ ಕ್ರಾಸ್‌ವರ್ಡ್‌ನ ಸುಳಿವು ಇರೋದು ಹೀಗೆ. ನಮ್ಮ ಮಾಮೂಲಿ ಪದಬಂಧ 'ಒಡವೆ (2)' ಅಂತ ಕೇಳಿ ಸುಮ್ಮನಾಗುತ್ತೆ. ಅದು ಸರವೋ, ಓಲೆಯೋ, ನಗವೋ, ಮಿಕ್ಕದ್ದು ನಿಮ್ಮ ಪಾಡು. ಕ್ರಿಪ್ಟಿಕ್‌ನಲ್ಲಿ ಒಂದೇ ಉತ್ತರಕ್ಕೆ ಎರಡು ದಾರಿ ಇರುತ್ತೆ. ಸಾಲಿನ ಮೊದಲಲ್ಲೋ ಕೊನೆಯಲ್ಲೋ ನೇರ ಅರ್ಥ, ಉಳಿದ ಭಾಗದಲ್ಲಿ ಅಕ್ಷರದ ಆಟ. ಎರಡೂ ದಾರಿ ಬಂದು ಒಂದೇ ಪದದಲ್ಲಿ ಕೂಡಿದರೆ ಉತ್ತರ ಸರಿ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಮಾರನೇ ದಿನದ ಪೇಪರಿಗೂ ಕಾಯಬೇಕಾಗಿಲ್ಲ.

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಐದಾರು ಜನ ಇಂಗ್ಲಿಷ್ ಪೇಪರಿನ ಕ್ರಿಪ್ಟಿಕ್ ಹಿಡಿದು ಕೂರ್ತೀವಿ. ನಿಯಮ ಒಂದೇ. ಉತ್ತರ ಹೇಳಿದವರು ಅದು ಯಾಕೆ ಉತ್ತರ ಅನ್ನೋದನ್ನೂ ಹೇಳಬೇಕು. ಊಹೆ ಸರಿಯಿದ್ದರೂ ವಿವರಣೆ ಇಲ್ಲ ಅಂದರೆ ಚೌಕ ಖಾಲಿ. ಇದು ಸ್ವಲ್ಪ ಜಾಸ್ತಿ ಆಯ್ತು ಅಂತ ಗೊಣಗುವವರಿದ್ದಾರೆ. ನಾನಂತೂ ಬಿಡೋಳಲ್ಲ. ಆಟದ ರುಚಿ ಇರೋದೇ ಅಲ್ಲಿ.

ಟೆಸ್ಟಿಂಗ್ ಟೀಮಿನಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ತಿಂಗಳುಗಟ್ಟಲೆ ಪಕ್ಕದ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚಿಕೊಂಡು ನಮ್ಮನ್ನೇ ನೋಡ್ತಿದ್ದಳು. ಕರೆದರೆ "ಅದು ಕಾನ್ವೆಂಟಿನ್ಯಾಗ ಓದಿದವ್ರ ಆಟ, ಬಿಡ್ರಿ" ಅನ್ನೋಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಮೀಟಿಂಗಿನಲ್ಲೂ ಇದೇ ಕಥೆ: ಬಗ್ ಹುಡುಕೋದು ಅವಳು, ಅದರ ಬಗ್ಗೆ ಮಾತಾಡೋದು ಇನ್ಯಾರೋ.

ಅವಳನ್ನು ಎಳೆದು ಕೂರಿಸೋಕೆ ಅಂತ ಕನ್ನಡದಲ್ಲೇ ಒಂದಷ್ಟು ಸುಳಿವು ಕಟ್ಟಿದೆ. ಮೊದಲನೆಯದು: ಹಿಂದಕ್ಕೆ ಹರಿದ ನದಿಗೆ ಇಪ್ಪತ್ತನಾಲ್ಕು ಗಂಟೆ (2). ರೊಟ್ಟಿ ಮುರಿಯುತ್ತಲೇ ಹೇಳಿದಳು, "ನದಿ ತಿರುವಿದ್ರ ದಿನ. ಇಷ್ಟ ಏನ್ರಿ?"

ಇಷ್ಟೇ. ಮುಂದಿನದು: ತಲೆ ಹೋದ ಸೋಮಾರಿ ಊರದೇವತೆ (2). ಸೋಮಾರಿಯ ತಲೆ ಅಂದರೆ ಮೊದಲ ಅಕ್ಷರ 'ಸೋ'. ಅದು ಹಾರಿಹೋದರೆ ಉಳಿಯೋದು ಮಾರಿ. ಇದಕ್ಕೆ ಪಕ್ಕದ ಟೇಬಲ್ಲುಗಳಿಂದಲೂ ನಗು ಬಂತು.

ಆಮೇಲೆ ಗಲಿಬಿಲಿಗೊಂಡ ಮಗನ ಲಕ್ಷ್ಯ (3). 'ಗಲಿಬಿಲಿ' ಅನ್ನೋದು ಇಲ್ಲಿ ಮಗನ ಮನಸ್ಸಿನ ಸ್ಥಿತಿ ಅಲ್ಲ, 'ಮಗನ' ಅನ್ನೋ ಪದಕ್ಕೆ ಆಗಬೇಕಾದ ಗತಿ. ಅಕ್ಷರ ಕಲಸಿ: ಗಮನ. ಇಂಥ ಸುಳಿವು ಕನ್ನಡದಲ್ಲಿ ಕಟ್ಟೋದು ಕಷ್ಟ, ಕೂತು ಪ್ರಯತ್ನಿಸಿದರೆ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಿ ಸ್ವರ, ವ್ಯಂಜನ ಎಲ್ಲ ಬಿಡಿಬಿಡಿ ಮಣಿಗಳು, ಹೇಗೆ ಬೇಕಾದರೂ ಪೋಣಿಸಬಹುದು. ನಮ್ಮ ಅಕ್ಷರ ತನ್ನ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಹೊತ್ತುಕೊಂಡೇ ಜಾಗ ಬದಲಾಯಿಸುತ್ತೆ, ಇಡೀ ಸಂಸಾರ ಸಮೇತ ಮನೆ ಶಿಫ್ಟ್ ಮಾಡಿದ ಹಾಗೆ. ಒಂದೇ ಥರ ಕೇಳಿಸಿ ಬೇರೆ ಸ್ಪೆಲ್ಲಿಂಗ್ ಇರೋ ಪದಗಳ ಆಟವೂ ಇಂಗ್ಲಿಷಿಗೆ ಒಗ್ಗಿದಷ್ಟು ನಮಗೆ ಒಗ್ಗೋದಿಲ್ಲ. ನಾವು ಹೆಚ್ಚುಕಡಿಮೆ ಹೇಳಿದಂತೆಯೇ ಬರೆಯುವವರಲ್ವಾ? ಅದಕ್ಕೆ ಬದಲಾಗಿ ಎರಡರ್ಥದ ಪದಗಳು ಬೇಕಾದಷ್ಟಿವೆ. ಒಂಬತ್ತಾದ ಮೇಲೆ ಏರು (2) ಅಂದರೆ ಹತ್ತು. ಸಂಖ್ಯೆಯೂ ಹೌದು, ಮೆಟ್ಟಿಲು ಏರೋದೂ ಹೌದು.

ಒಂದು ವಾರ ಹೀಗೆ ಆಡಿಸಿ, ಆಮೇಲೆ ಇಂಗ್ಲಿಷಿನ ಒಂದು ಹಳೇ ಪ್ರಸಿದ್ಧ ಸುಳಿವು ಮುಂದಿಟ್ಟೆ. ಎಚ್, ಐ, ಜೆ, ಕೆ, ಎಲ್, ಎಮ್, ಎನ್, ಓ: ಇಷ್ಟೇ, ಉತ್ತರ ಐದು ಅಕ್ಷರ. ಕಾನ್ವೆಂಟಿನವರು ಡಿಕ್ಷನರಿ ಆ್ಯಪ್ ತೆಗೆದರು. ಇವಳು ಬೆರಳಲ್ಲಿ ಎಣಿಸಿ, "ಎಚ್‌ನಿಂದ ಓ ತನಕ… ಎಚ್ ಟು ಓ. ವಾಟರ್ ಅಲ್ಲೇನ್ರಿ?" ಅಂದಳು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನೀರಿನ ಸೂತ್ರ ಕನ್ನಡ ಮೀಡಿಯಮ್ಮಿಗೂ ಅದೇ ತಾನೇ. (ನೇರ ಅರ್ಥ ಬೇರೆಯಾಗಿ ಇಲ್ಲದ ಸುಳಿವು ಇದು. ಕಟ್ಟುನಿಟ್ಟಿನವರು ಒಪ್ಪಲಿಕ್ಕಿಲ್ಲ. ನನಗಂತೂ ಇಷ್ಟ.)

ಈ ಕಟ್ಟುನಿಟ್ಟಿನವರ ಕಥೆಯೂ ಮಜವಾಗಿದೆ. ಕ್ರಾಸ್‌ವರ್ಡ್ ಮೊದಲು ಅಚ್ಚಾಗಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅದನ್ನು ಕ್ರಿಪ್ಟಿಕ್ ಮಾಡಿ ತಲೆ ತಿನ್ನೋ ಹಾಗೆ ಬೆಳೆಸಿದ್ದು 1920ರ ದಶಕದ ಬ್ರಿಟನ್. ಅಬ್ಸರ್ವರ್ ಪತ್ರಿಕೆಗೆ ಪದಬಂಧ ಕಟ್ಟುತ್ತಿದ್ದವರು ಇಟ್ಟುಕೊಂಡ ಹೆಸರು ಟಾರ್ಕೆಮಾಡಾ. ಆಮೇಲೆ ಬಂದವರದ್ದು ಝಿಮಿನೀಸ್. ಇಬ್ಬರದ್ದೂ ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳ ಹೆಸರು. ಹಿಂಸೆ ಕೊಡ್ತೀವಿ ಅಂತ ಮೊದಲೇ ಹೇಳಿಬಿಟ್ಟ ಹಾಗೆ! ಆದರೆ ಹಿಂಸೆಗೂ ನ್ಯಾಯ ಬೇಕು ಅಂತ ಝಿಮಿನೀಸ್ 1966ರಲ್ಲಿ ಪುಸ್ತಕವನ್ನೇ ಬರೆದರು: ಸುಳಿವಿನಲ್ಲಿ ದಂಡಕ್ಕೆ ಒಂದು ಪದವೂ ಇರಬಾರದು, ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ.

ಗಾರ್ಡಿಯನ್ ಪತ್ರಿಕೆಗೆ 1958ರಿಂದ ಪದಬಂಧ ಕಟ್ಟುತ್ತಿದ್ದ ಪಾದ್ರಿ ಜಾನ್ ಗ್ರಹಾಂ ಅವರ ಗುಪ್ತನಾಮ ಅರೌಕಾರಿಯಾ. ಅದೊಂದು ಮರದ ಹೆಸರು. ಇಂಗ್ಲಿಷಿನಲ್ಲಿ ಆ ಮರವನ್ನು ಮಂಕಿ ಪಝಲ್ ಅಂತಾರೆ, ಹೆಸರಿನೊಳಗೇ ಒಗಟು. 2013ರ ಜನವರಿಯ ಒಂದು ದಿನ ಅವರ ಪದಬಂಧದ ತಲೆಯ ಮೇಲೆ ಒಂದು ಸಾಲಿತ್ತು. ಅರೌಕಾರಿಯಾಗೆ 19ರಲ್ಲಿ 18 ಆಗಿದೆ, 13-15 ಕೊಡ್ತಿದ್ದಾರೆ ಅನ್ನೋ ಧಾಟಿಯಲ್ಲಿ, ಬರೀ ಅಂಕಿ. ಓದುಗರು ಬೆಳಗಿನ ಚಹಾ ಕುಡೀತಾ ಎಂದಿನಂತೆ ಬಿಡಿಸುತ್ತಾ ಹೋದರು. ಹದಿನೆಂಟು ಕ್ಯಾನ್ಸರ್. ಹತ್ತೊಂಬತ್ತು ಅನ್ನನಾಳ. ಹದಿಮೂರು-ಹದಿನೈದು, ನೋವು ಕಮ್ಮಿ ಮಾಡೋ ಆರೈಕೆ ಮಾತ್ರ. ಐವತ್ತೈದು ವರ್ಷದ ಪರಿಚಯದವರು ತಮ್ಮ ಸುದ್ದಿಯನ್ನು ಬೇರೆ ಯಾವ ಭಾಷೆಯಲ್ಲಿ ಹೇಳಿಯಾರು? ಅದೇ ನವೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಹೇಳಿದ ದಿನ ನಮ್ಮ ಟೇಬಲ್ಲಿನಲ್ಲಿ ಯಾರೂ ಪೆನ್ನು ಮುಟ್ಟಲಿಲ್ಲ. ಹಾವೇರಿ ಹುಡುಗಿ ಮಾತ್ರ ಆ ಅಂಕಿಗಳನ್ನು ಟಿಶ್ಯೂ ಪೇಪರಿನ ಮೇಲೆ ಬರೆದುಕೊಂಡಳು.

ಈಗ ಶುಕ್ರವಾರದ ಕನ್ನಡ ಸುಳಿವು ಕಟ್ಟೋದು ಅವಳ ಡ್ಯೂಟಿ. ಕಳೆದ ವಾರದ್ದು: ಶಿರ ಬಿಕರಿ ಮಾಡು ಎನ್ನುವ ಪೀಳಿಗೆ (4). ಉತ್ತರ ನಾನು ಇಲ್ಲಿ ಹೇಳಲ್ಲ. ನಮ್ಮ ಮ್ಯಾನೇಜರ್ ಹಾದುಹೋಗ್ತಾ ಇಣುಕಿ ನೋಡಿ ಟಕ್ ಅಂತ ಉತ್ತರ ಹೇಳಿದರು, ಸರಿಯಾಗೇ ಇತ್ತು.

"ಯಾಕ್ರಿ ಸರ್?" ಅಂದಳು.

ಅವರು ಟ್ರೇ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು.